ಎಡಕ್ಕೆ ವಾಲಿದ ಅಕ್ಷರ

ಸಿಟ್ಟು ಕೆಲವರಿಗೆ ಮೂಗಿನ ತುದಿಯಲ್ಲಿರುತ್ತದೆ ಅನ್ನುತ್ತಾರೆ. ಎಡಚಿಗೆ ಅದು ಎಡಗೈ ಹೆಬ್ಬೆರಳಿನಲ್ಲಿತ್ತು. ಯಾರಾದರೂ ಕೆಣಕಿದರೆ ಆ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ತೋರುಬೆರಳನ್ನು ಉಜ್ಜತೊಡಗುತ್ತಿತ್ತು. ಆಫೀಸಿನಲ್ಲಿ ಅದನ್ನು ಕಂಡವರು ಫೈಲು ಎತ್ತಿಕೊಂಡು ಸದ್ದಿಲ್ಲದೆ ಬೇರೆ ಮೇಜಿಗೆ ಹೋಗುತ್ತಿದ್ದರು.

ಎಡಚಿ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಐದನೇ ವಯಸ್ಸಿನಲ್ಲಿ ಬೀದಿಯ ಮಕ್ಕಳು ಕೂಗಿದ್ದು, ಐವತ್ತೆರಡಾದರೂ ಬಿಟ್ಟುಹೋಗಿರಲಿಲ್ಲ. ಅಂಟಿದ್ದನ್ನು ಉಜ್ಜಿ ತೆಗೆಯುತ್ತ ಕೂರುವುದಕ್ಕಿಂತ ತೊಟ್ಟುಕೊಂಡು ಮೆರೆಯುವುದೇ ವಾಸಿ ಎಂದು ಅವಳೇ ಒಂದು ದಪ್ಪ ನೋಟ್‌ಬುಕ್ಕಿನ ಮೇಲೆ 'ಎಡಚಿಯ ಪೆನ್ನುಗಳು' ಎಂದು ಬರೆದುಕೊಂಡಿದ್ದಳು. ಅವಳ ಹತ್ತಿರ ನಲವತ್ತೊಂದು ಇಂಕ್ ಪೆನ್ನುಗಳಿದ್ದವು. ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೆ ಒಂದೊಂದು ಪುಟ. ಪುಟದ ಮೇಲರ್ಧ ಬಲಗೈಯಲ್ಲಿ ಬರೆದು ನೋಡಿದ್ದು, ಕೆಳಗಿನರ್ಧ ಎಡಗೈಯಲ್ಲಿ ಬರೆದು ನೋಡಿದ್ದು, ಕೊನೆಗೆ ಎರಡು ಸಾಲು ತೀರ್ಪು.

ಪೆನ್ನು ನೋಡಲು ಜನ ಸಾಮಾನ್ಯವಾಗಿ ತಮ್ಮ ಹೆಸರು ಬರೆಯುತ್ತಾರೆ, ಇಲ್ಲವೆ ಸಹಿ ಗೀಚುತ್ತಾರೆ. ಇವಳು ಬರೆಯುತ್ತಿದ್ದ ಸಾಲು ಬೇರೆಯೇ: 'ಎಡವಟ್ಟು, ಎಡಬಿಡಂಗಿ, ಎಡರು, ಎಡವು.' ಟ್ಟುವಿನ ಒತ್ತಿನಲ್ಲಿ ನಿಬ್ಬಿನ ಕುಸುರಿ ಗೊತ್ತಾಗುತ್ತದೆ, ಡಂ ಎಂಬ ಸೊನ್ನೆಯಲ್ಲಿ ಅದು ಸುತ್ತಿ ಬರುವಾಗ ಎಲ್ಲಿ ತಡೆಯುತ್ತದೆ ಅನ್ನುವುದು ತಿಳಿಯುತ್ತದೆ ಎಂದು ಕಾರಣ ಕೊಡುತ್ತಿದ್ದಳು. ನಿಜವಾದ ಕಾರಣ ಸಿಟ್ಟು. ಬಲ ಅಂದರೆ ಶಕ್ತಿ, ಬಲಗೈ ಬಂಟ ಅಂದರೆ ನಂಬಿಕಸ್ಥ. ಎಡ ಅಂದರೆ ಮಾತ್ರ ಎಡವುವುದು, ಬೀಳುವುದು, ಕೆಡಿಸುವುದು. ಈ ಮಾತುಗಳನ್ನು ಹುಟ್ಟಿಸಿದವನು ಯಾವನೋ ಬಲಗೈಯವನೇ ಇರಬೇಕು, ಸಿಕ್ಕರೆ ಅವನನ್ನು ಒಂದು ಕೈ ನೋಡಿಕೊಳ್ಳುತ್ತೇನೆ, ಅದೂ ಎಡಗೈಯಲ್ಲಿ, ಎಂದು ಅವಳು ಕಂಡವರಿಗೆಲ್ಲ ಹೇಳುತ್ತಿದ್ದಳು.

ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೂ ಅವಳಲ್ಲಿ ಉತ್ತರ ಸಿದ್ಧವಿತ್ತು. "ಕೈ ಹಿಡೀತೀನಿ ಅಂತ ಬಂದವರಿಗೆ ಯಾವ ಕೈ ಕೊಡಲಿ ಅಂತಲೇ ತಿಳೀಲಿಲ್ಲ" ಅನ್ನುತ್ತಿದ್ದಳು. ಕೇಳಿದವರು ನಗಬೇಕೋ ಬೇಡವೋ ತಿಳಿಯದೆ ಚಹಾ ಲೋಟದೊಳಗೆ ಇಣುಕುತ್ತಿದ್ದರು.

ಶನಿವಾರ ಅರ್ಧ ದಿನ ಕೆಲಸ. ಅದು ಮುಗಿಯುತ್ತಲೇ ಅವಳ ಕಾಲು ತಾನಾಗಿ ಪೆನ್ನಂಗಡಿಯ ಕಡೆ ತಿರುಗುತ್ತಿತ್ತು. ಎರಡು ಬಟ್ಟೆಯಂಗಡಿಗಳ ನಡುವೆ ಸಿಕ್ಕಿಕೊಂಡ ಅಂಗಡಿ ಅದು, ಒಬ್ಬರು ಒಳಗಿದ್ದರೆ ಇನ್ನೊಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು. ಈ ಕತೆ ಶುರುವಾದ ಶನಿವಾರ ಅವಳ ಮುಂದೆ ಮೂರು ಪೆನ್ನುಗಳಿದ್ದವು. ಅಂಗಡಿಯವನು ಎಂದಿನಂತೆ ರಾಗ ತೆಗೆದ.

"ಮೇಡಂ, ಬಲಗೈಲಿ ಬರೆದು ನೋಡಿ. ಎಡಗೈಲಿ ಬರೆದ್ರೆ ನಿಬ್ಬು ಹಾಳಾಗತ್ತೆ."

"ಯಾಕೆ, ನಿಬ್ಬಿಗೆ ಕಣ್ಣಿದೆಯೇನ್ರೀ?"

"ಹಾಗಲ್ಲ. ನಾಳೆ ಬೇರೆಯವರು ಬಂದು ಬರೆದ್ರೆ ಅವರಿಗೆ ಗೀರತ್ತೆ."

"ಬೇರೆಯವರು ನಿನ್ನೆ ಬಂದು ಬರೆದದ್ದಕ್ಕೆ ಇವತ್ತು ನನಗೆ ಗೀರ್ತಾ ಇದೆ. ಅವರಿಗೆ ಹೇಳಿದ್ರಾ, ಸ್ವಲ್ಪ ಮೆತ್ತಗೆ ಬರೀರಿ, ನಾಳೆ ಎಡಗೈಯವರೊಬ್ಬರು ಬರ್ತಾರೆ ಅಂತ?"

ಅಂಗಡಿಯವನು ಗಾಜು ಒರೆಸತೊಡಗಿದ. ಅವಳು ಮೂರನ್ನೂ ಒಂದೊಂದಾಗಿ ತೂಗಿ ನೋಡಿದಳು. ಬಲಗೈಯವರು ನಿಬ್ಬನ್ನು ಎಳೆದುಕೊಂಡು ಹೋಗುತ್ತಾರೆ, ಎಡಗೈಯವರು ತಳ್ಳಿಕೊಂಡು ಹೋಗಬೇಕು. ಹಾಗಾಗಿ ಚೂಪು ನಿಬ್ಬು ಅವರಿಗೆ ಕಾಗದಕ್ಕೆ ನಾಟಿಕೊಳ್ಳುತ್ತದೆ. ಇಂಕು ಧಾರಾಳ ಸುರಿಸುವ ಪೆನ್ನಾದರೆ ಬರೆದದ್ದರ ಮೇಲೆ ಅವರ ಕೈಯೇ ಹರಿದು ಎಲ್ಲ ಮಸಿಯಾಗುತ್ತದೆ. ಹಸಿರು ಪೆನ್ನು ಇಂಕು ಕಕ್ಕುತ್ತಿತ್ತು. ಸಪೂರದ್ದು ನೋಡಲು ಚೆಲುವೆ, ತಳ್ಳಿದರೆ ಮುನಿಸಿಕೊಂಡು ನಿಲ್ಲುತ್ತಿತ್ತು. ಕಂದು ಬಣ್ಣದ ಗಿಡ್ಡ ಪೆನ್ನಿನ ನಿಬ್ಬಿಗೆ ತುದಿಯಲ್ಲಿ ಒಳ್ಳೆ ಗುಂಡು ಕಾಳಿತ್ತು, ಎಡವಟ್ಟಿನ ಒತ್ತನ್ನು ಅದು ಎಲ್ಲೂ ಎಡವದೆ ದಾಟಿತು. ನಲವತ್ತೆರಡನೆಯದು ಅವಳ ಚೀಲ ಸೇರಿತು.

ಇಷ್ಟೆಲ್ಲ ಎಡಗೈ ಪಕ್ಷದವಳು ಸಂಬಳಕ್ಕೆ ಬರೆಯುತ್ತಿದ್ದದ್ದು ಬಲಗೈಯಲ್ಲಿ. ವಿಶ್ವವಿದ್ಯಾಲಯದ ಪ್ರಮಾಣಪತ್ರ ವಿಭಾಗದಲ್ಲಿ ಅವಳ ಕೆಲಸ. ಪದವಿಪತ್ರದ ಉಳಿದದ್ದೆಲ್ಲ ಅಚ್ಚಾಗಿ ಬರುತ್ತದೆ, ಹೆಸರು ಮಾತ್ರ ಕೈಯಲ್ಲಿ ಬರೆಯಬೇಕು ಎಂಬ ಹಳೆಯ ನಿಯಮ ಅಲ್ಲಿ ಇನ್ನೂ ಉಳಿದಿತ್ತು. ಇಪ್ಪತ್ತೆಂಟು ವರ್ಷ ಅವಳು ಪರರ ಹೆಸರುಗಳನ್ನು ಬಲಗೈಯಲ್ಲಿ, ನೆಟ್ಟಗೆ, ಗೋಡೆ ಕಟ್ಟಿದಂತೆ ಬರೆದಿದ್ದಳು. ಅದು ಸಂಬಳದ ಕೈ. ಮನೆಗೆ ಬಂದು ಚಿಲಕ ಹಾಕಿದ ಮೇಲೆ ಸ್ವಂತದ ಕೈ.

ಸಂಬಳದ ಕೈಯನ್ನು ತಯಾರು ಮಾಡಿದವರು ಅಪ್ಪ. ಅವರು ಕಾಪಿ ಮೇಷ್ಟ್ರು. ಮಕ್ಕಳಿಂದ ಅಕ್ಷರ ದುಂಡಗೆ ಬರೆಸುವುದಕ್ಕೆಂದೇ ಶಾಲೆಯಲ್ಲಿ ಒಬ್ಬ ಮೇಷ್ಟ್ರು ಇರುತ್ತಿದ್ದ ಕಾಲ ಅದು. ಅಪ್ಪನ ಕೈಬರಹ ಊರಿಗೇ ಹೆಸರಾಗಿತ್ತು. ಅವರು ಬರೆದುಕೊಟ್ಟ ಸಾಲುಗಳನ್ನು ಹಾಗೇ ಅಚ್ಚು ಹಾಕಿಸಿ ಕಾಪಿ ಪುಸ್ತಕ ಮಾಡಿದ್ದರು. ಪುಟದ ಮೊದಲ ಸಾಲು ಅಪ್ಪನದು, ಕೆಳಗಿನ ಹತ್ತು ಸಾಲಿನಲ್ಲಿ ಮಕ್ಕಳು ಅದನ್ನು ನೋಡಿ ಬರೆಯಬೇಕು. ಅಪ್ಪನ ಅಕ್ಷರಗಳೆಲ್ಲ ಕೊಂಚ ಎಡಕ್ಕೆ ವಾಲಿರುತ್ತಿದ್ದವು, ಊಟವಾದ ಮೇಲೆ ಗೋಡೆಗೊರಗಿ ಕೂತವರ ಹಾಗೆ. ಅದಕ್ಕೆ ಊರವರು 'ಮೇಷ್ಟ್ರ ವಾಲು' ಎಂದೇ ಹೆಸರಿಟ್ಟಿದ್ದರು. ಎಂಥ ಜಾಣ ಮಕ್ಕಳಿಗೂ ಆ ವಾಲು ಬರುತ್ತಿರಲಿಲ್ಲ. ಬರದವರ ಗೆಣ್ಣಿನ ಮೇಲೆ ಅಪ್ಪನ ರೂಲುದೊಣ್ಣೆ ಬರುತ್ತಿತ್ತು. ಕರಿಹಲಗೆಯ ಮೇಲೆ ಮಾತ್ರ ಸ್ವತಃ ಅಪ್ಪನ ಅಕ್ಷರವೇ ನೆಟ್ಟಗಿರುತ್ತಿತ್ತು. ಯಾರಾದರೂ ಕೇಳಿದರೆ "ಸೀಮೆಸುಣ್ಣಕ್ಕೆ ವಾಲು ಬರಲ್ಲ, ಅದಕ್ಕೆ ನಿಬ್ಬೇ ಬೇಕು" ಅನ್ನುತ್ತಿದ್ದರು.

ಕಾಪಿ ಪುಸ್ತಕದ ಸಾಲು ಬರೆಯುವ ಭಾನುವಾರ ಅಪ್ಪ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅಮ್ಮ ಹೊಸ್ತಿಲ ಹೊರಗೆ ಹೊಲಿಗೆ ಹಿಡಿದು ಕೂತು, "ಅಪ್ಪ ಅಕ್ಷರ ಬರೀತಾ ಇದಾರೆ, ಸದ್ದು ಮಾಡಬೇಡಿ" ಎಂದು ಮಕ್ಕಳನ್ನು ಅಟ್ಟುತ್ತಿದ್ದಳು.

ಅಂಥವರ ಮಗಳು ಎಡಗೈಯಲ್ಲಿ ಬಳಪ ಹಿಡಿದಳು. ಅಪ್ಪ ಹಳೇ ಬಟ್ಟೆಯ ಪಟ್ಟಿ ತಂದು ಅವಳ ಎಡಗೈಯನ್ನು ಕುರ್ಚಿಯ ಹಿಂಗಾಲಿಗೆ ಕಟ್ಟಿದರು. ಒಂದು ದಿನವಲ್ಲ, ಎರಡು ವರ್ಷ. ಬರೆಯುವ ಹೊತ್ತಿನಲ್ಲಿ ಮೂಗಿನ ಮೇಲೆ ನೊಣ ಕೂತರೂ ಓಡಿಸಲು ಕೈಯಿರಲಿಲ್ಲ. ಅವಳ ಬಲಗೈ ಹೇಗೋ ಕಲಿಯಿತು. ಆಮೇಲೆ ಅದೇ ಕೈಗೆ ಕೆಲಸವೂ ಸಿಕ್ಕಿತು. "ನೋಡಿದ್ಯಾ, ಅವತ್ತು ನಿಮ್ಮಪ್ಪ ಕಟ್ಟಿಹಾಕಿದ್ದಕ್ಕೆ ಇವತ್ತು ಅನ್ನ ತಿಂತಿದೀಯ" ಎಂದು ನೆಂಟರು ಹೇಳುವಾಗ ಅವಳ ಹೆಬ್ಬೆರಳು ಚರ್ಮ ಕಿತ್ತುಬರುವಷ್ಟು ಉಜ್ಜುತ್ತಿತ್ತು. ಕೈಯನ್ನು ಕಟ್ಟಿದ್ದಕ್ಕಿಂತ, ಕಟ್ಟಿದ್ದಕ್ಕೆ ಋಣಿಯಾಗಿರು ಅನ್ನುವುದು ಅವಳಿಗೆ ಹೆಚ್ಚು ಉರಿ. ಮನೆಯಲ್ಲಿ ಎಡಗೈಯಲ್ಲಿ ಬರೆಯುವಾಗ ಅವಳ ಅಕ್ಷರವೂ ಎಡಕ್ಕೆ ವಾಲುತ್ತಿತ್ತು. ಅಪ್ಪನ ರಕ್ತ ಎಂದುಕೊಂಡು ಒಳಗೊಳಗೇ ಸ್ವಲ್ಪ ಹೆಮ್ಮೆಯನ್ನೂ ಪಡುತ್ತಿದ್ದಳು, ಹೆಮ್ಮೆಪಟ್ಟದ್ದಕ್ಕೆ ತನ್ನ ಮೇಲೇ ಸಿಡುಕುತ್ತಿದ್ದಳು.

ಅಂಗಡಿಯಿಂದ ಬಂದ ಅದೇ ಶನಿವಾರ ಸಂಜೆ ತಮ್ಮನ ಮನೆಯಿಂದ ಫೋನು ಬಂತು. ಎಂಬತ್ತನಾಲ್ಕರ ಅಪ್ಪ ಇದ್ದದ್ದು ತಮ್ಮನ ಜೊತೆ, ಮೂರು ಬೀದಿ ಆಚೆ. ಅಮ್ಮ ತೀರಿಕೊಂಡು ಆರು ವರ್ಷವಾಗಿತ್ತು. ತಮ್ಮನ ಮಗಳು ಪುಟ್ಟಿ ಸೋಮವಾರದಿಂದ ಮೂರನೇ ತರಗತಿ. ಅವಳ ಶಾಲೆಯಲ್ಲಿ ಮೂರನೆಯದರಿಂದ ಇಂಕ್ ಪೆನ್ನು. ಪೆನ್ನು ಆರಿಸಿಕೊಡಲು ಅತ್ತೆ ಬರಬೇಕಂತೆ, ತಾತನ ಅಪ್ಪಣೆ.

ಹೋಗಿ ನೋಡಿದರೆ ಪುಟ್ಟಿ ಊಟದ ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂತಿದ್ದಳು. ಬಲಗೈಯಲ್ಲಿ ಪೆನ್ಸಿಲ್. ಎಡಗೈಗೆ ಮೊಣಕೈವರೆಗೂ ಎಳೆದ ಬೂದು ಬಣ್ಣದ ಕಾಲುಚೀಲ, ಚೀಲದ ಬಾಯಿಗೆ ದಾರದ ಗಂಟು. ಬರೆದ ಅಕ್ಷರಗಳು ಪೆಟ್ಟು ತಿಂದ ಹುಳುಗಳ ಹಾಗೆ ಸಾಲಿನ ಮೇಲೆ ಕೆಳಗೆ ಬಿದ್ದಿದ್ದವು.

"ಇದೇನಿದು?" ಎಂದಳು ಎಡಚಿ.

"ಕಟ್ಟಿಲ್ಲವಲ್ಲ" ಎಂದರು ಅಪ್ಪ, ಕುರ್ಚಿಯಿಂದಲೇ. "ಬರೀ ಚೀಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಸೋಮವಾರ ಶಾಲೇಲಿ ಇಂಕು ಶುರು. ಅಷ್ಟರಲ್ಲಿ ಕೈ ತಿರುಗಬೇಕು."

"ಗಿಡ ಬಗ್ಗಿಸೋದು ಬೇರೆ ಅಪ್ಪ, ರೆಂಬೆ ಕಡಿಯೋದು ಬೇರೆ. ನೀವು ಮಾಡ್ತಿರೋದು ಎರಡನೇದು."

ತಮ್ಮನ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. "ಅತ್ತಿಗೆ, ನನಗೂ ಕಣ್ಣಲ್ಲಿ ನೋಡಕ್ಕಾಗಲ್ಲ. ಆದ್ರೆ ಎಡಗೈಲಿ ಬರೆದ್ರೆ ಇಂಕೆಲ್ಲ ಮೆತ್ಕೊಳತ್ತೆ, ಟೀಚರ್ ಬೈತಾರೆ, ಮಕ್ಕಳು ನಗ್ತಾರೆ. ಈಗಲೇ ಕಷ್ಟಪಟ್ಟರೆ ಮುಂದೆ ಸುಖ ಅಲ್ವಾ?"

ತಮ್ಮ ಅದಕ್ಕೆ ಒಗ್ಗರಣೆ ಹಾಕಿದ. "ನಿನಗೇ ಏನು ಕಡಿಮೆ ಆಯ್ತು ಅಕ್ಕ? ಯೂನಿವರ್ಸಿಟಿಲಿ ಬರೀತಿದೀಯ."

ಹೆಬ್ಬೆರಳು ಶುರುವಾಯಿತು. ಅವಳು ಪುಟ್ಟಿಯ ಕಡೆ ನೋಡಿದಳು. ಈ ಮಗು ಒಂದು ತಿಂಗಳ ಹಿಂದಿನವರೆಗೂ ಗೋಡೆ ತುಂಬ ಎಡಗೈಯಲ್ಲಿ ಬೆಕ್ಕು ಬರೆಯುತ್ತಿತ್ತು. ಈಗ ಗೋಡೆಗೆ ಹೊಸ ಬಣ್ಣ ಬಳಿದಿದ್ದರು, ಅದರ ಮೇಲೆ ಒಂದು ಗೀರೂ ಇರಲಿಲ್ಲ. ಎಡಚಿ ದಾರಕ್ಕೆ ಕೈ ಹಾಕಿದಳು. "ಮುಟ್ಟಬೇಡ" ಎಂದರು ಅಪ್ಪ. ಅದೇ ಹಳೆಯ ತರಗತಿಯ ದನಿ. ಐವತ್ತೆರಡು ವರ್ಷದ ಹೆಂಗಸು, ಪೆನ್ನಂಗಡಿಯವನನ್ನು ನಡುಗಿಸುವವಳು, ಕೈ ಹಿಂದಕ್ಕೆಳೆದುಕೊಂಡಳು. ಆ ನಾಚಿಕೆ ಅವಳನ್ನು ಮನೆವರೆಗೂ ಬಯ್ಯುತ್ತ ಬಂತು.

ಹೊರಡುವಾಗ ಅಪ್ಪ ಒಂದು ತಗಡಿನ ಪೆಟ್ಟಿಗೆ ಕೊಟ್ಟರು. "ನಿಮ್ಮಮ್ಮ ಎತ್ತಿಟ್ಟಿದ್ದ ನನ್ನ ಹಳೇ ಪೆನ್ನುಗಳು. ಪೆನ್ನಿನ ವಿಷಯದಲ್ಲಿ ನೀನು ಎತ್ತಿದ ಕೈ ಅಂತಾರೆ. ತೊಳೆದು, ಬರೆದು ನೋಡಿ, ಪುಟ್ಟಿ ಬಲಗೈಗೆ ಒಪ್ಪೋದು ಯಾವುದು ಅಂತ ನಾಳೆ ಹೇಳು."

ಬೇಡ ಎಂದು ಅವರ ಮುಂದೆ ಬಿಸಾಕಬೇಕಿತ್ತು. ಆದರೆ ಪೆನ್ನಿನ ಹುಚ್ಚು ಅನ್ನುವುದು ಮಾನ ಮರ್ಯಾದೆ ಕೇಳುವುದಿಲ್ಲ. ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದಳು.

ಭಾನುವಾರ ಬೆಳಗ್ಗೆ ಕಿಟಕಿಯ ಕೆಳಗೆ ಹಳೇ ಪತ್ರಿಕೆ ಹಾಸಿ ಕೂತಳು. ಪೆಟ್ಟಿಗೆಯಲ್ಲಿ ಮೂರು ಪೆನ್ನುಗಳಿದ್ದವು. ಮೊದಲನೆಯದು ಕೆಂಪಂಚಿನ ಸಣ್ಣ ಪೆನ್ನು, ಯಾರೋ ಬಹುಮಾನ ಕೊಟ್ಟದ್ದಿರಬೇಕು, ನಿಬ್ಬು ಇಂಕನ್ನೇ ಕಂಡಿರಲಿಲ್ಲ. ಎರಡನೆಯದು ಅಪ್ಪ ಶಾಲೆಗೆ ಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದ ನೀಲಿ ಪೆನ್ನು. ಮೂವತ್ತಾರು ವರ್ಷ ಎದೆಯ ಮೇಲಿದ್ದ ಪೆನ್ನಿನ ನಿಬ್ಬು ಹೆಚ್ಚೂಕಡಿಮೆ ಹೊಸದಾಗಿಯೇ ಇತ್ತು. ಹಾಜರಿಗೆ ಸಹಿ ಹಾಕಿದ್ದು ಬಿಟ್ಟರೆ ಇದು ಏನು ಬರೆದಿದೆ ಎಂದು ಅವಳಿಗೆ ಸಣ್ಣದೊಂದು ಅಚ್ಚರಿಯಾಯಿತು. ಮೂರನೆಯದು ದಪ್ಪ ಕರಿ ಪೆನ್ನು. ಅದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಮುಚ್ಚಳದ ಒಳಗೆ ನೇರಳೆ ಇಂಕು ಒಣಗಿ ಹಕ್ಕಳೆಗಟ್ಟಿತ್ತು.

ಬೆಚ್ಚಗಿನ ನೀರಿನಲ್ಲಿ ನೆನೆಸಿ, ನಿಬ್ಬಿನ ಕೆಳಗಿನ ನಾಲಿಗೆಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಇಂಕು ತುಂಬಿದಳು. ಮೊದಲಿನ ಎರಡೂ ಬಲಗೈಯಲ್ಲಿ ಸರಾಗ ಬರೆದವು. ಕರಿಯದು ಬಲಗೈಯಲ್ಲಿ ಕರ್ ಎಂದು ಕಾಗದ ಕಿತ್ತಿತು. ಹಿಡಿತ ಬದಲಿಸಿದಳು, ಪೆನ್ನನ್ನು ಮಲಗಿಸಿದಳು, ಎತ್ತಿದಳು. ಕರ್, ಕರ್. ನಿಬ್ಬು ಸೊಟ್ಟಗಾಗಿದೆ ಎಂದುಕೊಂಡು ನೋಟ್‌ಬುಕ್ಕಿನ ಮೇಲರ್ಧದಲ್ಲಿ 'ಕೆಲಸಕ್ಕೆ ಬಾರದ್ದು' ಎಂದು ತೀರ್ಪು ಬರೆದಳು. ನಿಯಮ ನಿಯಮವೇ, ಕೆಳಗಿನರ್ಧ ಬಾಕಿಯಿತ್ತಲ್ಲ. ಪೆನ್ನನ್ನು ಎಡಗೈಗೆ ದಾಟಿಸಿದಳು.

ಎಡವಟ್ಟು, ಎಡಬಿಡಂಗಿ, ಎಡರು, ಎಡವು. ಪೆನ್ನು ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು. ನಲವತ್ತೆರಡು ಪೆನ್ನಿನಲ್ಲಿ ಒಂದೂ ಅವಳ ಎಡಗೈಗೆ ಹೀಗೆ ಒದಗಿರಲಿಲ್ಲ.

ಅವಳಿಗೆ ಮೊದಲು ಬರೀ ಖುಷಿಯಾಯಿತು. ಆಮೇಲೆ ಕೈ ನಿಂತಿತು. ಭೂತಗನ್ನಡಿ ತಂದು ನಿಬ್ಬಿನ ತುದಿ ನೋಡಿದಳು. ತುದಿಯ ಕಾಳು ಒಂದೇ ಪಕ್ಕಕ್ಕೆ ಚಪ್ಪಟೆಯಾಗಿ ಸವೆದಿತ್ತು. ಬಲಗೈಯವರ ನಿಬ್ಬು ಸವೆಯುವುದು ಯಾವ ಪಕ್ಕಕ್ಕೆ ಎಂದು ಅವಳಿಗೆ ಗೊತ್ತು, ಅವಳ ಆಫೀಸಿನ ಪೆನ್ನುಗಳೇ ಸಾಕ್ಷಿ. ಇದು ಅದರ ಎದುರು ಪಕ್ಕ. ಒಂದು ದಿನ ಎರಡು ದಿನದಲ್ಲಿ ಹೀಗೆ ಸವೆಯುವುದಿಲ್ಲ, ವರ್ಷಗಟ್ಟಲೆ ಒಂದೇ ಕೈ ಬರೆದಿರಬೇಕು. ಅಮ್ಮ ಪೆನ್ನು ಹಿಡಿದದ್ದು ಸಹಿಗೆ ಮಾತ್ರ, ಅದೂ ಬಲಗೈಯಲ್ಲಿ. ತಮ್ಮ ಹುಟ್ಟಾ ಬಲಗೈಯವನು. ಅಚ್ಚಿಗೆ ಹೋಗುತ್ತಿದ್ದ ಕಾಪಿ ಹಾಳೆಗಳ ಇಂಕು ನೇರಳೆ.

ಬರೆದ ಸಾಲನ್ನು ಅವಳು ಮತ್ತೆ ನೋಡಿದಳು. ಅಕ್ಷರಗಳು ಗೋಡೆಗೊರಗಿ ಕೂತಿದ್ದವು. ಮೇಷ್ಟ್ರ ವಾಲು.

ಯಾವ ವಾಲು ಬರಲಿಲ್ಲವೆಂದು ಊರ ಮಕ್ಕಳೆಲ್ಲ ಗೆಣ್ಣಿಗೆ ಹೊಡೆಸಿಕೊಂಡರೋ, ಯಾವುದನ್ನು ಬಲಗೈಯಲ್ಲಿ ತರಬೇಕೆಂದು ಅವಳನ್ನು ಎರಡು ವರ್ಷ ಕುರ್ಚಿಗೆ ಕಟ್ಟಿದ್ದರೋ, ಅದು ಎಡಗೈಯ ಅಕ್ಷರ. ಬಾಗಿಲು ಹಾಕಿಕೊಂಡು ಬರೆದದ್ದು. ಹೊರಗೆ ಅಮ್ಮ ಕಾವಲು. ನಲವತ್ತು ವರ್ಷ ತನ್ನದೇ ಎಡಗೈ ಅದೇ ವಾಲನ್ನು ಬರೆದು ಬರೆದು ಕಣ್ಣೆದುರಿಗಿಟ್ಟಿದ್ದರೂ ಅವಳಿಗೆ ಹೊಳೆದಿರಲಿಲ್ಲ. ಅಪ್ಪನನ್ನು ಅನುಮಾನಿಸುವುದನ್ನು ಯಾವ ಕೈಯೂ ಅವಳಿಗೆ ಕಲಿಸಿರಲಿಲ್ಲವಲ್ಲ. ಅಪ್ಪನೂ ಎಂಥ ತಪ್ಪು ಮಾಡಿದರು ನೋಡಿ. ಕಾಗದ ಪತ್ರ ಎಲ್ಲ ಬಚ್ಚಿಟ್ಟ ಮನುಷ್ಯ ಪೆನ್ನಿನ ಪೆಟ್ಟಿಗೆಯನ್ನು ಮಾತ್ರ ಮೂಕ ಎಂದು ನಂಬಿ, ತೆರೆದೂ ನೋಡದೆ, ನಿಬ್ಬಿನ ಭಾಷೆ ಓದಬಲ್ಲ ಒಬ್ಬಳೇ ಒಬ್ಬಳ ಕೈಗೆ ಕೊಟ್ಟಿದ್ದರು.

ಚಪ್ಪಲಿ ಎಡಬಲ ನೋಡದೆ ಮೆಟ್ಟಿಕೊಂಡು ಹೊರಟಳು. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಬೇಡ, ಬರುವುದೇ ಬೇಡ, ಆ ಅಮ್ಮನ ಮೇಲೂ ಇವತ್ತು ಅವಳಿಗೆ ಸಿಟ್ಟಿತ್ತು.

ತಮ್ಮನ ಮನೆಯಲ್ಲಿ ಎಲ್ಲರೂ ಊಟ ಮುಗಿಸಿ ಕೂತಿದ್ದರು. ಪುಟ್ಟಿ ಕಾಲುಚೀಲದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಎಡಚಿ ಕರಿ ಪೆನ್ನಿನ ಮುಚ್ಚಳ ತೆಗೆದು, ಒಂದು ಬಿಳಿ ಹಾಳೆಯನ್ನು ಅಪ್ಪನ ತೊಡೆಯ ಮೇಲಿಟ್ಟಳು.

"ಬರೀರಿ."

ಅಪ್ಪ ಪೆನ್ನನ್ನು ನೋಡಿದರು. ಅವರ ಮುಖದಿಂದ ಮೇಷ್ಟ್ರು ಇಳಿದುಹೋದದ್ದು ಅಲ್ಲಿದ್ದವರಿಗೆಲ್ಲ ಕಂಡಿತು.

"ಇದು... ಇದನ್ನ ನಿಮ್ಮಮ್ಮ ಎಸೆದಿರಬೇಕಿತ್ತು" ಎಂದರು.

"ಬರೀರಿ ಅಪ್ಪ. ಯಾವ ಕೈಲಿ ಬರೀತೀರೋ ನೋಡೋಣ."

"ಏನಕ್ಕ ಇದು?" ಎಂದ ತಮ್ಮ.

"ಇವರನ್ನೇ ಕೇಳು. ಮೇಷ್ಟ್ರು ಎಡಚ ಕಣೋ! ಊರಿಗೆಲ್ಲ ಅಕ್ಷರ ತೋರಿಸಿದ್ದು ಎಡಗೈಲಿ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!" ಅಲ್ಲಿಗೆ ಅವಳ ಬಾಯಿಂದ 'ನೀವು' ಕಳಚಿ ಬಿದ್ದುಹೋಯಿತು. ಹುಟ್ಟಿದಂದಿನಿಂದ ಒಂದು ಸಲವೂ ಅಪ್ಪನಿಗೆ ಏಕವಚನ ಆಡಿದವಳಲ್ಲ. "ನಿನಗೆ ಗೊತ್ತಿತ್ತು. ಕೈ ಕಟ್ಟಿದ್ರೆ ಹೇಗಿರತ್ತೆ ಅಂತ ಈ ಮನೇಲಿ ನಿನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದೆಯಲ್ಲ!"

ತಮ್ಮನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಪ್ಪ ಎಡಗೈಯನ್ನು ಮುಂದೆ ಚಾಚಿ ತೋರಿಸಿದರು. ನಡುಬೆರಳು, ಉಂಗುರಬೆರಳು ಎರಡೂ ಕೊಂಚ ಡೊಂಕಾಗಿದ್ದವು. ಅವಳು ಅದನ್ನು ನೋಡಿರಲಿಲ್ಲವೆಂದಲ್ಲ, ವಯಸ್ಸಿನದು ಎಂದುಕೊಂಡಿದ್ದಳು.

"ನಮ್ಮಪ್ಪ ಈ ಬೆರಳನ್ನ ಬಾಗಿಲ ಸಂದಿಗೆ ಇಡಿಸಿ ಬಾಗಿಲು ಹಾಕಿದ್ರು. ಆರು ವರ್ಷ ನನಗೆ" ಎಂದರು. "ನಾನು ಬಟ್ಟೇಲಿ ಕಟ್ಟಿದೆ. ಮೆತ್ತಗಿನ ಬಟ್ಟೆ ಹುಡುಕಿ ಹುಡುಕಿ ಕಟ್ಟಿದೆ. ಇವಳಿಗೆ ಅದೂ ಇಲ್ಲ, ಬರೀ ಚೀಲ."

"ಓಹೋ, ಇದು ಉಪಕಾರ ಬೇರೆ!"

"ಎಡಗೈಯವನಿಗೆ ಕಾಪಿ ಮೇಷ್ಟ್ರ ಕೆಲಸ ಯಾರು ಕೊಡ್ತಿದ್ರು? ನೀವೆಲ್ಲ ಏನು ತಿಂತಿದ್ರಿ?" ಅಪ್ಪನ ದನಿ ಒಡೆಯಿತು. "ಅಚ್ಚಿನವರು ಬಲಗೈ ಸಾಲು ಒಪ್ಪಲಿಲ್ಲ, ಚೆನ್ನಾಗಿರ್ತಿರಲಿಲ್ಲ. ಇನ್ನೇನು ಮಾಡಲಿ? ಬಾಗಿಲು ಹಾಕ್ಕೊಂಡು ಬರೆದೆ. ಪುಟ್ಟಿನೂ ಹಾಗೇ ಮಾಡಲಿ ಬಿಡು. ಮನೇಲಿ ಬಾಗಿಲು ಹಾಕ್ಕೊಂಡು ಯಾವ ಕೈಲಾದ್ರೂ ಬರ್ಕೊಳ್ಳಲಿ. ನಾಲ್ಕು ಜನರೆದುರು ಬಲಗೈ. ಅಷ್ಟೇ ನಾನು ಹೇಳೋದು."

ಆ ಮುದುಕ ಅಳುತ್ತಿದ್ದ. ಎಡಚಿಗೆ ಕನಿಕರ ಬಂತು, ಸುಳ್ಳು ಯಾಕೆ ಹೇಳಬೇಕು. ಬಂದ ಕನಿಕರ ಸಿಟ್ಟನ್ನು ಇಳಿಸಲಿಲ್ಲ, ಇನ್ನಷ್ಟು ಏರಿಸಿತು. ಈ ಸಲ ಅವಳು ಯಾರನ್ನೂ ಕೇಳದೆ ಹಲ್ಲಿನಿಂದ ದಾರ ಕಚ್ಚಿ ಕಾಲುಚೀಲ ಎಳೆದು ಕಸದ ಡಬ್ಬಿಗೆ ಹಾಕಿದಳು. ಪುಟ್ಟಿಯ ಅಂಗೈ ಬೆವತು ಬೆಳ್ಳಗಾಗಿತ್ತು.

"ನೀನು ಎಡಗೈಲೇ ಬರಿ ಕಂದ. ಶಾಲೇಲೂ ಬರಿ. ಯಾರು ಏನಂತಾರೋ ನಾನು ನೋಡ್ಕೋತೀನಿ."

ಪುಟ್ಟಿ ಬೆರಳುಗಳನ್ನು ಬಿಡಿಸಿ, ಮಡಿಸಿ, ಮತ್ತೆ ಬಿಡಿಸಿ ನೋಡಿಕೊಂಡಳು. ಆಮೇಲೆ ತಲೆಯೆತ್ತಿ ಕೇಳಿದಳು, "ಅತ್ತೆ, ನೀವು ಆಫೀಸಲ್ಲಿ ಯಾವ ಕೈಲಿ ಬರೀತೀರ?"

ಎಡಚಿ ಬಲಗೈಯನ್ನು ಬೆನ್ನ ಹಿಂದೆ ಸರಿಸಿದಳು. ಅಪ್ಪ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ತಮ್ಮನೂ ನೋಡುತ್ತಿದ್ದ. ಇಪ್ಪತ್ತೆಂಟು ವರ್ಷ ಅವಳ ಕೈಯನ್ನು ಯಾರೂ ಕುರ್ಚಿಗೆ ಕಟ್ಟಿರಲಿಲ್ಲ. ಚಿಲಕ ಹಾಕಿಕೊಂಡು ಬರೆದವಳು ಅವಳೇ. ಅಪ್ಪನ ಕಾವಲಿಗೆ ಅಮ್ಮನಾದರೂ ಇದ್ದಳು, ಇವಳು ತನ್ನ ಕಾವಲು ತಾನೇ ಕಾದಿದ್ದಳು. ಅಂಗಡಿಯವನ ಮೇಲೆ, ಭಾಷೆಯ ಮೇಲೆ, ನೆಂಟರ ಮೇಲೆ ಇಷ್ಟು ವರ್ಷ ಕಾರಿದ ಸಿಟ್ಟೆಲ್ಲ ತಿರುಗಿ ಬಂದು ಅವಳ ಕೆನ್ನೆಗೇ ಬಾರಿಸಿತು. "ನಾಳೆ ಹೇಳ್ತೀನಿ" ಎಂದು ಎದ್ದು ಬಂದಳು.

ಸೋಮವಾರ ಹತ್ತೂವರೆಗೆ ಅವಳು ಮೇಜಿನ ಮೇಲೆ ಪದವಿಪತ್ರ ಹಾಸಿಕೊಂಡು, ಹೊಸ ಕಂದು ಪೆನ್ನನ್ನು ಎಡಗೈಯಲ್ಲಿ ಹಿಡಿದಳು. ಪಕ್ಕದ ಮೇಜಿನಲ್ಲಿ ಮೊಹರು ಒತ್ತುತ್ತಿದ್ದ ಗುಮಾಸ್ತ ಒತ್ತುವುದನ್ನು ನಿಲ್ಲಿಸಿದ. ಮೊದಲನೆಯದರಲ್ಲಿ ನಾಲ್ಕನೇ ಅಕ್ಷರಕ್ಕೆ ಅಂಗೈ ತಾಗಿ ಹೆಸರು ಬಾಲ ಬಿಟ್ಟಿತು. ನುಣುಪು ಕಾಗದ, ಇಂಕು ಬೇಗ ಆರುವುದಿಲ್ಲ. ಎರಡನೆಯದೂ ಕೆಟ್ಟಿತು. ಬಾಗಿಲ ಹತ್ತಿರ ಯಾರೋ ಕಿಸಕ್ಕೆಂದರು. ಅವಳ ಕಿವಿ ಸುಟ್ಟಿತು, ಬಲಗೈ ತಾನಾಗಿ ಮೇಲೆದ್ದು ಬಂತು. ಅದನ್ನು ತೊಡೆಯ ಕೆಳಗೆ ಒತ್ತಿ ಕೂತಳು. ಕಾಗದವನ್ನು ಓರೆ ತಿರುಗಿಸಿ, ಕೈಯನ್ನು ಸಾಲಿನ ಕೆಳಗಿಟ್ಟು ಮೂರನೆಯದನ್ನು ಬರೆದಳು. ಅದು ಮಾಸದೆ ನಿಂತಿತು.

ಸೂಪರಿಂಟೆಂಡೆಂಟು ಕೆಟ್ಟ ಎರಡು ಹಾಳೆ ಹಿಡಿದುಕೊಂಡು ಬಂದರು. "ಏನ್ರೀ ಇದು? ಬಲಗೈಗೆ ಏನಾಯ್ತು?"

"ಏನೂ ಆಗಿಲ್ಲ ಸಾರ್. ಆರಾಮಾಗಿದೆ."

"ಎಡಗೈ ಆಟಕ್ಕೆ ಎರಡು ಪದವಿಪತ್ರ ಹಾಳು ಮಾಡಿದೀರ. ಮೂರನೇದು ನೋಡಿದ್ರೆ ವಾಲಿದೆ."

"ವಾಲಿದ್ರೆ ಬಿದ್ದುಹೋಗಲ್ಲ. ಎರಡು ಹಾಳು ಮಾಡಿದ್ದು ನಿಜ, ಮೆಮೋ ಕೊಡಿ. ಅದನ್ನ ಯಾವ ಕೈಲಿ ಸಹಿ ಹಾಕಿ ತಗೋಬೇಕು ಅಂತ ನಿಯಮ ಇದ್ರೆ ಅದನ್ನೂ ಬರೀರಿ. ಇಲ್ಲದಿದ್ರೆ ನನ್ನ ಬೆಳಕಿಗೆ ಅಡ್ಡ ನಿಲ್ಲಬೇಡಿ."

ಮಧ್ಯಾಹ್ನಕ್ಕೆ ಮೆಮೋ ಬಂತು. ಅವಳು ಎಡಗೈಯಲ್ಲಿ ಸಹಿ ಹಾಕಿದಳು. ಸಂಜೆಯ ಹೊತ್ತಿಗೆ ಹನ್ನೊಂದು ಹೆಸರುಗಳು ಗೋಡೆಗೊರಗಿ ಕೂತಿದ್ದವು, ದಿನಕ್ಕೆ ಬರೆಯುತ್ತಿದ್ದ ನಲವತ್ತರ ಜಾಗದಲ್ಲಿ. ಕಿರುಬೆರಳ ಪಕ್ಕವೆಲ್ಲ ನೀಲಿ. ತೊಳೆಯದೆ ಹಾಗೇ ತಮ್ಮನ ಮನೆಗೆ ಹೋದಳು.

ಅಪ್ಪ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಿದ್ದರು. ಪುಟ್ಟಿ ಮೇಜಿನ ಮುಂದೆ ಶಾಲೆಯ ಕೆಲಸ ಮಾಡುತ್ತಿದ್ದಳು. ಕಾಲುಚೀಲ ಇರಲಿಲ್ಲ, ದಾರವೂ ಇರಲಿಲ್ಲ. ಆದರೂ ಮಗು ಪೆನ್ಸಿಲ್ ಹಿಡಿದದ್ದು ಬಲಗೈಯಲ್ಲಿ, ಎಡಗೈಯನ್ನು ತಾನೇ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿತ್ತು.

"ಪೆನ್ನು ತಂದಿದೀನಿ" ಎಂದಳು ಎಡಚಿ, ಕಂದು ಪೆನ್ನನ್ನು ಚೀಲದಿಂದ ತೆಗೆದು.

ಪುಟ್ಟಿ ಪೆನ್ನು ನೋಡಲಿಲ್ಲ. ಅತ್ತೆಯ ನೀಲಿಯಾದ ಕಿರುಬೆರಳನ್ನು ನೋಡಿದಳು.

"ಆಫೀಸಲ್ಲಿ ಬರೆದ್ರಾ?"

"ಬರೆದೆ."

"ಎಲ್ಲರ ಮುಂದೆ?"

"ಎಲ್ಲರ ಮುಂದೆ."

"ನಕ್ಕರಾ?"

"ನಕ್ಕರು. ಬೈದರೂ ಬೈದರು."

"ನೀವು ಅತ್ತರಾ?"

"ಇಲ್ಲ. ನಾನೂ ಬೈದೆ."

ಪುಟ್ಟಿ ಪತ್ರಿಕೆಯ ಹಿಂದಿದ್ದ ತಾತನ ಕಡೆ ಒಮ್ಮೆ ನೋಡಿದಳು. ಪೆನ್ಸಿಲನ್ನು ಮೇಜಿನ ಮೇಲಿಟ್ಟು, ತೊಡೆಯ ಕೆಳಗಿಂದ ಎಡಗೈ ತೆಗೆದು ಮುಂದೆ ಚಾಚಿದಳು.

"ಹಾಗಾದ್ರೆ ಕೊಡಿ" ಎಂದಳು.